ಮದುವೆ ಒಂದು ದಿನ, ಕಂತು 48 ತಿಂಗಳು

ದುಬೈ: ಕಳೆದ ಭಾನುವಾರ ದೇರಾದ ನಮ್ಮ ಮನೆಗೆ ಹಾಸನ ಕಡೆಯ ಚಾಲಕರೊಬ್ಬರು ಬಂದಿದ್ದರು. ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿದೆ. ‘ಸಾರ್, ಬ್ಯಾಂಕಲ್ಲಿ ಅರವತ್ತು ಸಾವಿರ ದಿರ್ಹಂ ಸಾಲ ಕೇಳಿದೀನಿ. ಕಂತು ಎಷ್ಟು ಬೀಳುತ್ತೆ, ಒಂಚೂರು ಲೆಕ್ಕ ಹಾಕಿಕೊಡಿ’ ಎಂದರು.

ಅವರ ಸಂಬಳ 5,000 ದಿರ್ಹಂ. ಇಲ್ಲಿ ವೈಯಕ್ತಿಕ ಸಾಲವನ್ನು ಹೆಚ್ಚೆಂದರೆ 48 ತಿಂಗಳಲ್ಲಿ ತೀರಿಸಬೇಕು. ಬಡ್ಡಿ ಬಿಟ್ಟು ಅಸಲೇ ತಿಂಗಳಿಗೆ 1,250. ಸಂಬಳದ ಕಾಲು ಭಾಗ. ಬಾಡಿಗೆ, ಊಟ, ಊರಿಗೆ ಕಳಿಸುವ ಹಣ ಎಲ್ಲವೂ ಉಳಿದದ್ದರಲ್ಲೇ ಆಗಬೇಕು.

‘ಸ್ವಲ್ಪ ಸರಳವಾಗಿ ಮಾಡಬಾರದಾ?’ ಎಂದೆ. ‘ದುಬೈಲಿ ಇದ್ದುಕೊಂಡು ಇಷ್ಟೇನಾ ಅಂತಾರೆ ಸಾರ್’ ಎಂದರು.

ಅವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಹದಿನೈದು ವರ್ಷಗಳ ಹಿಂದೆ ನನ್ನ ತಂಗಿಯ ಮದುವೆಗೆ ನಾನೂ ಇಂಥದ್ದೇ ಸಾಲದ ಪತ್ರಕ್ಕೆ ಸಹಿ ಹಾಕಿದ್ದೆ. ನಾವಿಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗುವುದು ಊರಿನವರಿಗೆ ಕಾಣುವುದಿಲ್ಲ. ಇಷ್ಟು ವರ್ಷ ದೂರವಿದ್ದು ಏನು ಸಂಪಾದಿಸಿದ ಎಂಬ ಪ್ರಶ್ನೆಗೆ ಮದುವೆ ಮನೆಯಲ್ಲೇ ಉತ್ತರ ಕೊಡಬೇಕು ಅನ್ನಿಸುತ್ತದೆ.

ಅದ್ದೂರಿ ಮದುವೆ ಬರೀ ಒಣ ಜಂಭವಲ್ಲ. ನಮ್ಮ ಅಜ್ಜನ ಮನೆಯಲ್ಲಿ ಒಂದು ಮುಯ್ಯಿ ಪುಸ್ತಕವಿತ್ತು. ಯಾರು ಎರಡು ರೂಪಾಯಿ ಕೊಟ್ಟರು, ಯಾರು ಅಕ್ಕಿ ತಂದರು ಎಂದು ಅದರಲ್ಲಿ ಬರೆದಿಡುತ್ತಿದ್ದರು. ಮುಂದೆ ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ಹಿಂತಿರುಗಿಸಬೇಕು. ನಲವತ್ತು ಮನೆಯಲ್ಲಿ ಉಂಡವರು ನಲವತ್ತು ಮನೆಯನ್ನೂ ಕರೆಯಲೇಬೇಕು. ಆದರೆ ಆಗ ಚಪ್ಪರ ಹಾಕುತ್ತಿದ್ದವರು, ತರಕಾರಿ ಹೆಚ್ಚುತ್ತಿದ್ದವರು, ಬಡಿಸುತ್ತಿದ್ದವರು ಎಲ್ಲ ಅದೇ ನೆಂಟರಿಷ್ಟರು. ಈಗ ಕಲ್ಯಾಣ ಮಂಟಪ, ಅಡುಗೆ ಕಾಂಟ್ರ್ಯಾಕ್ಟು, ಅಲಂಕಾರ, ವಿಡಿಯೊ ಎಲ್ಲಕ್ಕೂ ದುಡ್ಡು. ಕರೆಯುವ ಬಾಧ್ಯತೆ ಹಾಗೇ ಉಳಿಯಿತು, ಹಂಚಿಕೊಳ್ಳುವ ಹೆಗಲುಗಳು ಹೋದವು. ಊರೆಲ್ಲ ಹೊರುತ್ತಿದ್ದ ಭಾರ ವಿದೇಶದಲ್ಲಿರುವ ಒಬ್ಬ ಮಗನ ಸಂಬಳದ ಮೇಲೆ ಬಿತ್ತು.

ಬೇರೆ ದಾರಿ ಇಲ್ಲವೆಂದಲ್ಲ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಸರಳವಾಗಿ ‘ಮಂತ್ರ ಮಾಂಗಲ್ಯ’ದ ಮೂಲಕ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ನಾವು ದುಡಿಯುತ್ತಿರುವ ಈ ಯುಎಇಯಲ್ಲೂ ಮದುವೆ ಖರ್ಚು ಸ್ಥಳೀಯ ಯುವಕರಿಗೆ ಹೊರೆಯಾದಾಗ ಸರ್ಕಾರ 1992ರಲ್ಲಿ ಮದುವೆ ನಿಧಿಯನ್ನೇ ಸ್ಥಾಪಿಸಿ, ಸಾಮೂಹಿಕ ವಿವಾಹಗಳಿಗೆ ಉತ್ತೇಜನ ಕೊಟ್ಟಿತು. ಹಣವಂತರ ನಾಡಿನಲ್ಲೇ ಹೀಗಾದರೆ ನಮ್ಮದು ಯಾವ ಲೆಕ್ಕ?

ಆ ಚಾಲಕರ ಕೈಗೆ ಒಂದು ಹಾಳೆ ಕೊಟ್ಟೆ. ಹತ್ತು ವರ್ಷ ದುಡಿದು ಕೆಲಸ ಬಿಟ್ಟರೆ, 3,000 ದಿರ್ಹಂ ಮೂಲ ವೇತನಕ್ಕೆ ಅವರಿಗೆ ಸಿಗುವ ಗ್ರಾಚ್ಯುಟಿ 25,500. ಕೇಳುತ್ತಿರುವ ಸಾಲ ಅದರ ಎರಡು ಪಟ್ಟಿಗೂ ಹೆಚ್ಚು. ಅವರು ಅಲ್ಲೇ ಕೂತು ತಂಗಿಗೆ ಫೋನ್ ಮಾಡಿ ಕಂತಿನ ವಿಷಯ ಹೇಳಿದರು. ಆ ಹುಡುಗಿ ಕೇಳಿದ್ದು ಒಂದೇ ಮಾತು: ‘ಅಣ್ಣಾ, ಹಂಗಾದ್ರೆ ನಾಲ್ಕು ವರ್ಷ ನೀನು ಊರಿಗೇ ಬರಲ್ವಾ?’

ಸಾಲ ಮೂವತ್ತು ಸಾವಿರಕ್ಕೆ ಇಳಿಯಿತು. ಮದುವೆ ಊರಿನ ದೇವಸ್ಥಾನದಲ್ಲಿ.

ಊರಿನಲ್ಲಿರುವ ಅಪ್ಪ, ಅಮ್ಮ, ತಂಗಿಯರಲ್ಲಿ ನನ್ನದೊಂದು ಕೋರಿಕೆ. ಮಂಟಪಕ್ಕೆ ಮುಂಗಡ ಕೊಡುವ ಮುಂಚೆ ಒಮ್ಮೆ ಇಲ್ಲಿಗೆ ಫೋನ್ ಮಾಡಿ, ಕಂತು ಎಷ್ಟು ಎಂದು ಕೇಳಿ. ನಾವಾಗಿ ಹೇಳುವುದಿಲ್ಲ.