ಲಿನಕ್ಸ್‌ನಲ್ಲಿ ಆಯ್ಕೆ ಎಷ್ಟು, ಏಕರೂಪತೆ ಎಷ್ಟು?

ಲಿನಕ್ಸ್ ಎಂಬುದು ಅಸಲಿಗೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅಂದರೆ ಕರ್ನಲ್ ಮಾತ್ರ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಈ ತಿರುಳಿಗೆ ಗ್ನೂ ಯೋಜನೆಯ ಸಲಕರಣೆ, ಡೆಸ್ಕ್‌ಟಾಪ್, ತಂತ್ರಾಂಶ ಹಾಕುವ-ತೆಗೆಯುವ ಏರ್ಪಾಡು ಎಲ್ಲವನ್ನೂ ಜೋಡಿಸಿ ಕೊಟ್ಟರೆ ಅದೊಂದು ಡಿಸ್ಟ್ರೋ. ಜೋಡಿಸಲು ಯಾರ ಅಪ್ಪಣೆಯೂ ಬೇಡ. ಸ್ಲ್ಯಾಕ್‌ವೇರ್, ಡೆಬಿಯನ್ ಎರಡೂ 1993ರಲ್ಲಿ ಹುಟ್ಟಿದವು; 2004ರಲ್ಲಿ ಡೆಬಿಯನ್‌ನಿಂದ ಉಬುಂಟು ಬಂತು, ಉಬುಂಟುವಿನಿಂದ ಮಿಂಟ್. ಈಗ ಚಾಲ್ತಿಯಲ್ಲಿರುವ ಡಿಸ್ಟ್ರೋಗಳು ನೂರಾರು.

ಇದರ ಬಿಸಿ ತಟ್ಟುವುದು ತಂತ್ರಾಂಶ ಬರೆದು ಹಂಚುವವರಿಗೆ. ಡೆಬಿಯನ್ ಬಳಗಕ್ಕೆ ‘ಡೆಬ್’ ಪ್ಯಾಕೇಜು ಬೇಕು, ರೆಡ್ ಹ್ಯಾಟ್ ಬಳಗಕ್ಕೆ ‘ಆರ್‌ಪಿಎಂ’. ಒಂದೇ ಬಳಗದೊಳಗೂ ತೊಡಕು ತಪ್ಪಿದ್ದಲ್ಲ. ಉಬುಂಟು 22.04ರಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಮನ್ನು 20.04ರಲ್ಲಿ ಓಡಿಸಹೋದರೆ, ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ಒಂದು ಸಾಲು ಕಾರಿ ಅದು ನಿಂತುಬಿಡುವುದು ಮಾಮೂಲು. ಜಿಲಿಬ್‌ಸಿ ಎಂದರೆ ಬಹುಪಾಲು ಪ್ರೋಗ್ರಾಮುಗಳು ನೆಚ್ಚಿಕೊಂಡ ಸಿ ಲೈಬ್ರರಿ, 20.04ರಲ್ಲಿರುವುದು ಅದರ 2.31ನೇ ಆವೃತ್ತಿ.

ಈ ಗೋಜಲು ಬಿಡಿಸಲು 2001ರಲ್ಲಿ ‘ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್’ ಎಂಬ ಮಾನಕ ಹೊರಬಂತು. ಯಾವ ಲೈಬ್ರರಿ ಇರಲೇಬೇಕು, ಯಾವ ಕಡತ ಎಲ್ಲಿರಬೇಕು ಎಂದೆಲ್ಲ ಅದು ವಿಧಿಸಿತು. ಪ್ಯಾಕೇಜಿಗೆ ಆರಿಸಿದ್ದು ಆರ್‌ಪಿಎಂ. ಡೆಬಿಯನ್‌ನವರು ‘ಏಲಿಯನ್’ ಎಂಬ ಪರಿವರ್ತಕದಿಂದ ಹೇಗೋ ಹೊಂದಿಸಿಕೊಂಡರು. ಆದರೆ ಈ ಮಾನಕದ ಪ್ರಮಾಣಪತ್ರ ಪಡೆದ ತಂತ್ರಾಂಶಗಳು ಬೆರಳೆಣಿಕೆಯಷ್ಟೇ. 2015ರಲ್ಲಿ ಡೆಬಿಯನ್ ಅದರ ಗೊಡವೆಯನ್ನೇ ಬಹುಮಟ್ಟಿಗೆ ಬಿಟ್ಟಿತು. ಕಾಗದದ ಮೇಲೆ ಚೆನ್ನಾಗಿದ್ದ ಮಾನಕ, ಕೇಳುವವರಿಲ್ಲದೆ ಸೊರಗಿತು.

ಸಿಸ್ಟಮ್‌ಡಿಯದು ಬೇರೆಯೇ ಕಥೆ. ಕಂಪ್ಯೂಟರ್ ಚಾಲೂ ಆದಾಗ ಒಂದೊಂದೇ ಸೇವೆಯನ್ನು ಎಬ್ಬಿಸುವ ಕೆಲಸಕ್ಕೆ ಪ್ರತಿ ಡಿಸ್ಟ್ರೋ ತನ್ನದೇ ಸ್ಕ್ರಿಪ್ಟುಗಳನ್ನು ಇಟ್ಟುಕೊಂಡಿತ್ತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್, ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ ಬಂದ ಮೇಲೆ ಕೆಲವೇ ಸಾಲಿನ ಒಂದು ಕಡತ ಬರೆದರೆ ಸಾಕಾಯಿತು, ಅದೇ ಎಲ್ಲ ಕಡೆ ನಡೆಯಿತು. ಹೀಗಾಗಿ ಯಾವ ಮಾನಕ ಸಮಿತಿಯೂ ವಿಧಿಸದೆ ಅದು ಹಬ್ಬಿತು. ಜಗಳವೇನೂ ಕಡಿಮೆಯಾಗಲಿಲ್ಲ. ಒಂದೇ ಯೋಜನೆ ಇಷ್ಟೆಲ್ಲವನ್ನು ಬಾಚಿಕೊಳ್ಳುವುದೇ ಎಂಬ ಆಕ್ಷೇಪ ಎದ್ದಿತು. ಅದರಲ್ಲಿ ಹುರುಳೂ ಇತ್ತು. 2014ರ ಫೆಬ್ರುವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯ ಮತಗಳು ಸಮನಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಅದೇ ವರ್ಷ ‘ಡೆವುವನ್’ ಎಂಬ ಕವಲು ತೆಗೆದರು. ಆಕರ ಸಂಕೇತ ಮುಕ್ತವಾಗಿರುವುದರಿಂದ ಸೋತವರಿಗೂ ಬೇರೆ ಸಂಸಾರ ಹೂಡುವ ದಾರಿ ಇದ್ದೇ ಇರುತ್ತದೆ.

ಮತ್ತೆ ಪ್ಯಾಕೇಜಿನ ತೊಡಕಿಗೆ ಬಂದರೆ, ಬೇಕಾದ ಲೈಬ್ರರಿಗಳನ್ನೆಲ್ಲ ತಂತ್ರಾಂಶದ ಜೊತೆಗೇ ಹೊತ್ತು ತಂದು ಡಿಸ್ಟ್ರೋ ಭೇದವನ್ನೇ ದಾಟುವುದು ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ಪ್ಯಾಕೇಜು ಏರ್ಪಾಡುಗಳ ಉಪಾಯ. ಡಿಸ್ಕಿನಲ್ಲಿ ಜಾಗ ಹೆಚ್ಚು ಬೇಕು. ಏಕರೂಪತೆಗೆಂದು ಬಂದವೂ ಎರಡಾದದ್ದು ಲಿನಕ್ಸ್ ಲೋಕದ ಜಾಯಮಾನಕ್ಕೆ ತಕ್ಕದ್ದೇ!

ಏಕರೂಪತೆ ಸದ್ದಿಲ್ಲದೆ ನೆಲೆಗೊಂಡಿರುವುದು ಬಳಕೆದಾರರ ಕಣ್ಣಿಗೆ ಬೀಳದ ಪದರಗಳಲ್ಲಿ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳು ನೋಟದಲ್ಲಿ ಇಂದಿಗೂ ಬೇರೆ ಬೇರೆ. ಹಿಂದೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಏರ್ಪಾಡೂ ಎರಡಕ್ಕೂ ಬೇರೆಬೇರೆಯೇ ಇತ್ತು. ಈಗ ಅವೆರಡೂ, ಜೊತೆಗೆ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳೂ ಆ ಕೆಲಸವನ್ನು ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಗೆ ಒಪ್ಪಿಸಿವೆ. ‘ಧರ್ಮ’ದ ಅರ್ಕಾವತ್ತು ಮಕಾರದ ಬಲಕ್ಕೆ ಸರಿಯುವ ನಿಯಮವನ್ನು ಅಲ್ಲಿ ಒಮ್ಮೆ ತಿದ್ದಿದರೆ, ಇವೆಲ್ಲದರಲ್ಲೂ ತಿದ್ದಿದಂತೆ.