ತೋಟದಲ್ಲಿ ಮೊಲದ ಮರಿ ಸಿಕ್ಕರೆ: ತರಗತಿಗೊಂದು ಪಾಠ

ಎಂಟನೇ ತರಗತಿಯಲ್ಲಿ ಪ್ರಾಣಿಸಂರಕ್ಷಣೆಯ ಪಾಠವೆಂದರೆ ಹುಲಿ, ಅಭಯಾರಣ್ಯಗಳ ಮಾತೇ ಹೆಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳ ಕೈಗೆ ಸಿಗುವ ವನ್ಯಜೀವಿಯೋ ಮೊಲದ ಮರಿ. ತೆಂಗಿನ ತೋಟದಲ್ಲಿ ಬಿದ್ದ ಗರಿ ಎತ್ತುವಾಗ, ರಾಗಿ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಅದು ಕಾಣುತ್ತದೆ. ಬೋಧನಾಭ್ಯಾಸದ ತರಗತಿಯಲ್ಲಿ “ಸಿಕ್ಕರೆ ಏನು ಮಾಡುತ್ತೀರಿ?” ಎಂದು ಕೇಳಿದೆ. “ಪಾಪ, ತಾಯಿ ಬಿಟ್ಟು ಹೋಗಿರುತ್ತೆ ಸಾರ್, ಮನೆಗೆ ತಂದು ಹಾಲು ಕುಡಿಸ್ತೀವಿ” ಎಂದರು. ಆ ಕರುಣೆಯೇ ಮರಿಯ ಜೀವಕ್ಕೆ ಎರವಾಗಬಹುದು.

ಗೊಂದಲಕ್ಕೆ ನಮ್ಮ ಮಾತೂ ಕಾರಣ. ಬೇರೆ ಬೇರೆ ಪ್ರಭೇದಗಳಾದ ಸಾಕುಮೊಲ, ಕಾಡುಮೊಲ ಎರಡನ್ನೂ ‘ಮೊಲ’ ಎಂದೇ ಕರೆಯುತ್ತೇವೆ. ಸಾಕುಮೊಲದ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಕೂದಲಿರುವುದಿಲ್ಲ. ನಮ್ಮ ಹೊಲಗಳ ಕಾಡುಮೊಲ, ಲೆಪಸ್ ನೈಗ್ರಿಕೋಲಿಸ್, ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮರಿ ಹಾಕುತ್ತದೆ. ಆ ಮರಿ ರೋಮ ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ತಾಯಿ ಪಕ್ಕದಲ್ಲೇ ಇದ್ದರೆ ನಾಯಿ, ನರಿಗಳಿಗೆ ಸುಳಿವು ಸಿಗುತ್ತದೆ. ಅದಕ್ಕೇ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು, ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ಒಂಟಿಯಾಗಿ, ಅಲುಗಾಡದೆ ಕೂತ ಮರಿ ಅನಾಥವಲ್ಲ, ಅಡಗಿದೆ ಅಷ್ಟೆ.

ಮಕ್ಕಳಿಗೆ ಹೇಳಬೇಕಾದ್ದು ಇಷ್ಟು:

1. ಮರಿ ಚೆನ್ನಾಗಿದ್ದರೆ ಮುಟ್ಟದೆ ದೂರ ಸರಿಯಿರಿ. ನಾಯಿಯನ್ನು ಕಟ್ಟಿಹಾಕಿ.

2. ಆಗಲೇ ಎತ್ತಿ ತಂದಿದ್ದರೆ ಬೇಗ ಅದೇ ಜಾಗದಲ್ಲಿ ಬಿಡಿ. ಮನುಷ್ಯರು ಮುಟ್ಟಿದ ಮಾತ್ರಕ್ಕೆ ತಾಯಿ ತೊರೆಯುವುದಿಲ್ಲ.

3. ಉಳುಮೆ ನಡೆಯುತ್ತಿದ್ದರೆ ಹತ್ತಿರದ ಬದುವಿನ ಹುಲ್ಲಿನ ಮರೆಗೆ ಸರಿಸಿ.

4. ಗಾಯವಾಗಿದ್ದರೆ, ನಾಯಿ ಅಥವಾ ಬೆಕ್ಕು ಕಚ್ಚಿದ್ದರೆ, ಮೈ ತಣ್ಣಗಾಗಿ ನಿತ್ರಾಣವಾಗಿದ್ದರೆ, ತಾಯಿ ಸತ್ತದ್ದು ಖಚಿತವಾದರೆ ಮಾತ್ರ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಗಾಳಿಯಾಡುವಂತೆ ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ದೊಡ್ಡವರಿಂದ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿಸಿ, ಇಲ್ಲವೇ ಪಶುವೈದ್ಯರಿಗೆ ತಿಳಿಸಿ.

5. ಹಸುವಿನ ಹಾಲು ಬೇಡ. ಭೇದಿಯಾಗುತ್ತದೆ, ಉಸಿರಿನ ನಾಳಕ್ಕೆ ಇಳಿದರೆ ಮರಿ ಸಾಯಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಮೊಲವನ್ನು ಹಿಡಿಯುವುದೂ ಅಪರಾಧ. ಆದರೆ ಪಾಠವನ್ನು ಕಾನೂನಿನ ಹೆದರಿಕೆಯಿಂದ ಆರಂಭಿಸಬಾರದೆಂಬುದು ನನ್ನ ಅನಿಸಿಕೆ. “ತಾಯಿ ಹಗಲು ಯಾಕೆ ಬರುವುದಿಲ್ಲ?” ಎಂದು ಕೇಳಿ, ಮಕ್ಕಳೇ ಯೋಚಿಸಲು ಬಿಡೋಣ. ಕಾರಣ ತಿಳಿದ ಮಗು, ಎತ್ತಿದ ಗರಿಯನ್ನು ಮರಿಗೆ ತಾಗದಂತೆ ಮತ್ತೆ ಮರೆಯಾಗಿಟ್ಟು ಬರುತ್ತದೆ. ಈ ಘಟಕದ ಮೌಲ್ಯಮಾಪನ ನಡೆಯಬೇಕಾದ್ದು ತೋಟದಲ್ಲೇ.