ಸ್ವಂತ ಸರ್ವರೂ ಹೊಸ ಉದ್ಯೋಗದ ವಿಚಾರವೂ

ನಾವು ನಾಲ್ವರು ಈ ಶಾಲೆಯಿಂದ ಒಂದೇ ವರ್ಷ ಹೊರಬಿದ್ದವರು. ನಮ್ಮಲ್ಲೊಬ್ಬಳು ಬಾಗಲಕೋಟೆಯ ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಇನ್ನೊಬ್ಬಳು ಬಾದಾಮಿಯಲ್ಲಿ ಪ್ರವಾಸಿಗರ ವಸತಿಗೃಹವೊಂದರ ಲೆಕ್ಕಪತ್ರ ನೋಡುವವಳು. ಮತ್ತೊಬ್ಬಳು ಹುನಗುಂದದ ಕಚೇರಿಯೊಂದರಲ್ಲಿ ಬೆರಳಚ್ಚಿನ ಕೆಲಸದವಳು. ನಾಲ್ಕನೆಯವಳು ಇಳಕಲ್ಲಿನ ನೇಕಾರ ಮನೆತನದ ಸೊಸೆ. ನಲವತ್ತರ ಹತ್ತಿರ ಬಂದ ನಾವು ಎರಡು ವರ್ಷಗಳಿಂದ ಗಣಕಯಂತ್ರದ ವಿದ್ಯೆಯನ್ನು ಕಲಿಯುತ್ತಿರುವೆವು. ಸಾಧ್ಯವಾದರೆ ಉದ್ಯೋಗವನ್ನೇ ಬದಲಿಸಬೇಕೆಂಬ ಆಸೆಯೂ ಉಂಟು. ಈಗಿನ ಸಂಬಳ ಸಾಲದೆಂಬುದೇ ಇದಕ್ಕೆ ಮುಖ್ಯ ಕಾರಣ. ಜ್ಞಾನದಾಹವೆಂದು ಹೇಳಿಕೊಂಡರೆ ಅರ್ಧ ಸುಳ್ಳಾದೀತು. ನೀವು ಕಲಿಯುವದೇನೆಂದು ಅನೇಕರು ಕೇಳಿದ್ದರಿಂದ ಈ ಬರಹ.

ಇಂದು ನಮ್ಮ ಭಾವಚಿತ್ರ, ಪತ್ರ, ಲೆಕ್ಕ ಇವೆಲ್ಲವೂ ಎಲ್ಲಿಯೋ ದೂರದ ಕಂಪನಿಗಳ ಯಂತ್ರಗಳಲ್ಲಿರುವವು. ಕೇಳಿದವರಿಗೆ ಕೇಳಿದ ಕಾಗದವನ್ನು ತೆಗೆದುಕೊಡುವ ಅಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದನ್ನು ಮನೆಯಲ್ಲಿಯೇ ಇಟ್ಟುಕೊಂಡು ನಾವೇ ನಡೆಸುವದು ಸ್ವಂತ ಸರ್ವರಿನ ವಿದ್ಯೆ. ಇದಕ್ಕೆ ಭಾರೀ ಯಂತ್ರವೇನೂ ಬೇಕಾಗಿಲ್ಲ. ಪರದೆ ಒಡೆದು ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪೊಂದರಲ್ಲಿ ಡೆಬಿಯನ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದೆವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಇದರ ತಿರುಳು. ಯಂತ್ರವು ಸುಮಾರು 15 ವ್ಯಾಟಿನದಾದ್ದರಿಂದ ಹಗಲಿರುಳು ನಡೆದರೂ ತಿಂಗಳಿಗೆ 11 ಯುನಿಟ್ ವಿದ್ಯುತ್ತು ಸಾಕು.

ಅದನ್ನು ಹೊರಗಿನವರು ಹುಡುಕಿ ಬರುವದು ಹೇಗೆಂಬುದನ್ನು ಬಾಗಲಕೋಟೆಯವರಿಗೆ ಹೇಳುವದು ಸುಲಭ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಊರಿನ ಭಾಗವು ಮುಳುಗಡೆಯಾಗಿ ಮನೆಗಳು ನವನಗರದ ಸೆಕ್ಟರುಗಳಿಗೆ ಸಾಗಿದಾಗ ಮನೆತನದ ಹೆಸರು ಉಳಿಯಿತು, ಮನೆಯ ಸಂಖ್ಯೆ ಬದಲಾಯಿತು. ಅಂತರ್ಜಾಲದಲ್ಲಿಯೂ ಪ್ರತಿಯೊಂದು ಮನೆಗೆ ಒಂದು ಸಂಖ್ಯೆ, ಸಂಖ್ಯೆಗೆ ಒಂದು ಹೆಸರು. ಮನೆಗಳಿಗೆ ಕೊಡುವ ಸಂಖ್ಯೆ ಆಗಾಗ ಬದಲಾಗುವದರಿಂದ, ಬದಲಾದೊಡನೆ ಹೆಸರಿನ ದಫ್ತರಕ್ಕೆ ವರದಿ ಮಾಡುವ ಒಂದು ಚಿಕ್ಕ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದೆವು. ಹದಿನೆಂಟು ಸಾಲು. ಅದು ಕೆಲಸ ಮಾಡಿದ ರಾತ್ರಿ ನಮ್ಮ ಉಪಾಧ್ಯಾಯಿನಿ ನಿದ್ದೆ ಮಾಡಲಿಲ್ಲ.

ವಿದ್ಯುತ್ತಿನ ತೊಂದರೆಯಿಂದ ಯಂತ್ರವನ್ನು ಇನ್ವರ್ಟರಿದ್ದ ಇಳಕಲ್ಲಿನ ಮನೆಗೆ ಸಾಗಿಸಿದಾಗ ಆ ಹದಿನೆಂಟು ಸಾಲುಗಳು ನಿಷ್ಪ್ರಯೋಜಕವಾದವು. ಹಳೆಯ ಪದ್ಧತಿಯ ಸಂಖ್ಯೆಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಜಗತ್ತಿಗೆ ಸಾಲವು. ಆದ್ದರಿಂದ ಕೆಲವು ಕಂಪನಿಗಳು ಅನೇಕ ಮನೆಗಳನ್ನು ಒಂದೇ ಸಂಖ್ಯೆಯ ಹಿಂದೆ ಕೂಡಿಸುವವು. ದೊಡ್ಡ ವಾಡೆಯಲ್ಲಿ ಹತ್ತು ಬಿಡಾರಗಳಿದ್ದು ತಲೆಬಾಗಿಲು ಒಂದೇ ಇದ್ದರೆ, ಹೊರಗಿನಿಂದ ಬಂದವನಿಗೆ ಯಾವ ಬಿಡಾರವೆಂದು ತಿಳಿಯುವದೆಂತು? ಕಡೆಗೆ ಬೇರೆಡೆ ಒಂದು ಪುಟ್ಟ ಯಂತ್ರವನ್ನು ಬಾಡಿಗೆಗೆ ಹಿಡಿದು, ಮನೆಯ ಯಂತ್ರವು ಒಳಗಿನಿಂದ ಅಲ್ಲಿಯವರೆಗೆ ಸುರಂಗ ತೋಡುವಂತೆ ಮಾಡಿದೆವು. ಪೂರ್ತಿ ಸ್ವಂತವೆಂಬ ಅಭಿಮಾನಕ್ಕೆ ಅಲ್ಲಿ ಸ್ವಲ್ಪ ಕುಂದು ಬಂದಿತು. ಇ-ಅಂಚೆಯನ್ನಂತೂ ನಾವು ಮನೆಯಲ್ಲಿ ನಡೆಸುವದಿಲ್ಲ. ಮನೆಯ ಸಂಖ್ಯೆಯಿಂದ ಹೊರಟ ಪತ್ರವನ್ನು ದೊಡ್ಡ ಕಂಪನಿಗಳು ಸಂಶಯದಿಂದ ನೋಡಿ ಹಿಂದಕ್ಕೆ ಕಳಿಸುವವು.

ಬಾಗಿಲು ತೆರೆದ ಮೊದಲ ರಾತ್ರಿಯೇ ಅಪರಿಚಿತರು ಸಾವಿರಕ್ಕೂ ಮಿಕ್ಕಿ ಸಲ ಗುಪ್ತಪದವನ್ನು ಊಹಿಸಿ ಒಳನುಗ್ಗಲು ಯತ್ನಿಸಿದ್ದುದನ್ನು ದಿನಚರಿಯಲ್ಲಿ ಕಂಡು ಗಾಬರಿಯಾದೆವು. ಇವರು ನಮ್ಮ ವೈರಿಗಳಲ್ಲ. ತೆರೆದ ಬಾಗಿಲುಗಳನ್ನು ಹುಡುಕುತ್ತ ತಿರುಗುವ ಪ್ರೋಗ್ರಾಮುಗಳು. ಅಂದಿನಿಂದ ಗುಪ್ತಪದದ ಪ್ರವೇಶವನ್ನೇ ಮುಚ್ಚಿ, ನಾಲ್ವರ ಬಳಿ ಮಾತ್ರ ಇರುವ ಗಣಿತದ ಕೀಲಿಗಳಿಂದ ಒಳಗೆ ಹೋಗುವೆವು.

ಪ್ರೋಗ್ರಾಮೆಂಬುದನ್ನು ನಮಗಿಂತ ಮೊದಲು ಗ್ರಹಿಸಿದವರು ಇಳಕಲ್ಲಿನ ಸೋದರಿಯ ಮಾವನವರು. ಸೀರೆಯ ದಡಿಯ ಚಿತ್ರಕ್ಕಾಗಿ ಜಕಾರ್ಡಿನಲ್ಲಿ ತೂತಿನ ರಟ್ಟುಗಳನ್ನು ಕಟ್ಟಿದವರು ಅವರು. ತೂತಿದ್ದರೆ ಎಳೆ ಏಳುವದು, ಇಲ್ಲದಿದ್ದರೆ ಇದ್ದಲ್ಲಿಯೇ ಇರುವದು. ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಈ ಉಪಾಯವನ್ನೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಗೆ ತೆಗೆದುಕೊಂಡನು. ಆ ಯಂತ್ರವನ್ನು ಕುರಿತು 1843ರಲ್ಲಿ ಟಿಪ್ಪಣಿ ಬರೆದವಳು ಏಡಾ ಲವ್‌ಲೇಸ್ ಎಂಬ ಸ್ತ್ರೀ. "ಹಂಗಾರ ನೀವು ಕಲಿಯೋದು ನಮ್ಮ ಕಸಬ ಬಿಡವಾ" ಎಂದು ಮಾವನವರು ನಕ್ಕರು.

ನಮಗೆ ನಿಜವಾದ ಪಾಠ ಕಲಿಸಿದ್ದು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರ ಪಟ್ಟಿ. ಅದನ್ನು ಹಿಂದೆ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರು. ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿರುವದರಿಂದ, ಆ ಶೈಲಿಯಿಲ್ಲದ ಯಂತ್ರದಲ್ಲಿ ಬರೀ ಗೀಚು ಕಾಣುವದು. ಯುನಿಕೋಡಿನಲ್ಲಾದರೆ ಪ್ರತಿ ಅಕ್ಷರಕ್ಕೂ ಜಗತ್ತು ಒಪ್ಪಿದ ಒಂದು ಸಂಖ್ಯೆಯುಂಟು; ‘ಕ’ಕಾರದ್ದು 3221. ಒಂದರ ಬದಲಿಗೆ ಇನ್ನೊಂದನ್ನಿಟ್ಟರೆ ತೀರಿತೆಂದು ಹುನಗುಂದದ ಸೋದರಿ ಪ್ರೋಗ್ರಾಮು ಬರೆದಳು. ಪಟ್ಟಿಯಲ್ಲಿದ್ದ ನಿರ್ಮಲಾ ಎಂಬವರೆಲ್ಲರೂ ‘ನಿಮರ್ಲಾ’ ಆದರು! ಕರ್ನಾಟಕವು ‘ಕನಾರ್ಟಕ’ವಾಯಿತು. ಕಾರಣವಿಷ್ಟೇ: ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಮುಂದೆ ಬರುವದು, ಯುನಿಕೋಡಿನಲ್ಲಿ ಬಾಯಿಂದ ಉಚ್ಚರಿಸುವಂತೆ ರಕಾರವೇ ಮೊದಲು. ಅರ್ಕಾವೊತ್ತು ಕಂಡಲ್ಲಿ ಹಿಂದಿನ ಪೂರ್ಣಾಕ್ಷರವನ್ನು, ಅದರ ಒತ್ತು ಕೊಂಬುಗಳ ಸಹಿತ, ದಾಟಿ ಹಿಂದಕ್ಕೆ ಹೋಗಬೇಕೆಂದು ಕಲಿಸಲು ಆರು ವಾರ ಹಿಡಿಯಿತು. ಆರನೆಯ ತರಗತಿಯಲ್ಲಿ ವ್ಯಾಕರಣ ಕಲಿಸಿದ ಅಕ್ಕೋರನ್ನು ಆಗ ಬಹಳ ನೆನೆದೆವು.

ಆ ಕೆಲಸದ ಮೂರು ವಾರದ ಫಲ ಒಂದು ಏಪ್ರಿಲ್ ಮಧ್ಯಾಹ್ನ ಡಿಸ್ಕು ಕೆಟ್ಟು ಹೋಯಿತು. ಇನ್ನೊಂದು ಪ್ರತಿ ಇರಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವು ಸಾವಿರದ ಮುನ್ನೂರು ವರ್ಷಗಳ ಮೇಲೆಯೂ ನಿಂತಿರುವಾಗ ನಮ್ಮ ಬರಹ ಒಂದು ಬೇಸಿಗೆಯನ್ನೂ ಕಳೆಯಲಿಲ್ಲ. ಈಗ ಮೂರು ಪ್ರತಿಗಳುಂಟು. ಒಂದು ಪ್ರತಿರಾತ್ರಿ ಇಳಕಲ್ಲಿನಿಂದ ಬಾದಾಮಿಯ ಸೋದರಿಯ ಮನೆಗೆ ತಾನಾಗಿಯೇ ಸಾಗುವದು. ತಿಂಗಳಿಗೊಮ್ಮೆ ಅದನ್ನು ತೆರೆದು ಓದಿ ನೋಡುವೆವು. ತೆರೆದು ನೋಡದ ಪ್ರತಿಯನ್ನು ನಂಬಲಾಗದು.

ಇನ್ನು ಉದ್ಯೋಗದ ಮಾತು. ಮೂರು ತಿಂಗಳಲ್ಲಿ ನೌಕರಿ ಕೊಡಿಸುವೆವೆಂಬ ಜಾಹೀರಾತನ್ನು ನಂಬಿ ನಮ್ಮಲ್ಲೊಬ್ಬಳು ದೊಡ್ಡ ಶುಲ್ಕ ತೆತ್ತಳು. ದೊರೆತದ್ದು ಚೌಕಟ್ಟು ಹಾಕಿಸುವಂಥ ಪ್ರಮಾಣಪತ್ರ ಮಾತ್ರ. ಕೆಲಸ ಕೊಡುವವರು ನಮ್ಮನ್ನು ಕೇಳಿದ್ದು ಬೇರೆ: ನೀವು ನಡೆಸುವ ಯಂತ್ರವಾವುದು, ಅದು ಕೆಟ್ಟಾಗ ಏನು ಮಾಡಿದಿರಿ? ಆಗ ಸುರಂಗದ ಕಥೆಯೂ ಸತ್ತ ಡಿಸ್ಕಿನ ಕಥೆಯೂ ಉಪಯೋಗಕ್ಕೆ ಬಂದವು. ಆದರೂ ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದೂವರೆ ತಾಸು ಕಲಿತವರಿಗೆ ಎರಡು ವರ್ಷ ಹೆಚ್ಚಲ್ಲ. ಆರು ತಿಂಗಳ ಮನೆಯ ಖರ್ಚನ್ನು ಕೂಡಿಡದೆ ಇದ್ದ ಕೆಲಸ ಬಿಡಕೂಡದೆಂದು ನಮ್ಮೊಳಗೆ ಕರಾರು ಮಾಡಿಕೊಂಡಿರುವೆವು.

ಹುನಗುಂದದ ಸೋದರಿಗೆ ಸಂಸ್ಥೆಯೊಂದರ ಹಳೆಯ ನುಡಿ ಕಾಗದಗಳನ್ನು ಯುನಿಕೋಡಿಗೆ ತಿರುಗಿಸುವ ಕೆಲಸ ಹಣಕ್ಕೆ ಸಿಕ್ಕಿರುವದು. ಬಾದಾಮಿಯವಳು ಉದ್ಯೋಗದ ವಿಚಾರ ಬಿಟ್ಟಳು, ಕಲಿಕೆ ಬಿಟ್ಟಿಲ್ಲ. ಇಳಕಲ್ಲಿನವಳು ಮನೆಯ ಸೀರೆಗಳ ಲೆಕ್ಕವನ್ನೆಲ್ಲ ಯಂತ್ರಕ್ಕೇರಿಸುತ್ತಿರುವಳು. ಉಪಾಧ್ಯಾಯಿನಿಗೆ ಬೆಂಗಳೂರಿನಿಂದ ಮನೆಯಲ್ಲಿ ಕೂತು ಮಾಡುವ ಕೆಲಸದ ಕರೆ ಬಂದಿದೆ. ಒಂದು ವರ್ಷದ್ದು ಮಾತ್ರ. ಶಾಲೆಯ ಮುಂದಿನ ವರ್ಷದ ಕರಾರಿಗೆ ಮೇ ತಿಂಗಳೊಳಗೆ ಸಹಿ ಹಾಕಬೇಕು. ಅವಳ ತಂದೆಯವರು ಹಾಕೆನ್ನುವರು, ಮಗಳು ಬೇಡವೆನ್ನುವಳು. ಕೂಡಿಟ್ಟ ಹಣ ನಾಲ್ಕು ತಿಂಗಳಿನದಷ್ಟೇ ಇದೆ.

ಪೂರ್ವ ವಿದ್ಯಾರ್ಥಿನಿಯರ ಪಟ್ಟಿಯು ಈಗ ಇಳಕಲ್ಲಿನ ಯಂತ್ರದಲ್ಲಿರುವದು. ಅದರಲ್ಲಿ ಹೆಸರೂ ವರ್ಷವೂ ಮಾತ್ರ, ವಿಳಾಸಗಳಿಲ್ಲ. ಪ್ರವೇಶದ ಪದವನ್ನು ಶಾಲೆಯ ಕಚೇರಿಯಲ್ಲಿ ಕೇಳಬಹುದು. ನಿಮ್ಮ ಹೆಸರಿನ ಅರ್ಕಾವೊತ್ತು ಎಲ್ಲಿಯಾದರೂ ಜಾಗ ತಪ್ಪಿದ್ದರೆ ದಯಮಾಡಿ ತಿಳಿಸಿರಿ.